ತೂಗುಚಪ್ಪರದ ಪಕ್ಕದಲ್ಲಿ ಮುಳುಗಿದ ಹಡಗು

ಲಿಸ್ಬನ್ ಮೆಟ್ರೋದ ಕೆಂಪು ಮಾರ್ಗದಲ್ಲಿ ಓರಿಯೆಂಟೆ ಎಂಬ ನಿಲ್ದಾಣವಿದೆ. ಅಲ್ಲಿ ಇಳಿದು ಗೋಡೆಯ ಕಡೆ ಕಣ್ಣು ಹಾಯಿಸಿದರೆ ಬಣ್ಣದ ಹೆಂಚುಗಳಲ್ಲಿ ಮೂಡಿದ ದೊಡ್ಡ ದೊಡ್ಡ ಚಿತ್ರಗಳು ಕಾಣುತ್ತವೆ. ಜಪಾನಿನ ಯಾಯೋಯಿ ಕುಸಾಮಾ, ಆಸ್ಟ್ರಿಯದ ಹುಂಡರ್ಟ್‌ವಾಸರ್ ಅವರ ಕೃತಿಗಳ ಜೊತೆಗೆ ನಮ್ಮ ಎಸ್.ಎಚ್. ರಜಾ ಅವರದೂ ಒಂದಿದೆ. ಎಲ್ಲರಿಗೂ ಕೊಟ್ಟ ವಸ್ತು ಒಂದೇ: ಸಮುದ್ರ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಸಾಂಟಿಯಾಗೊ ಕಲಾತ್ರಾವಾ ಕಟ್ಟಿದ ರೈಲು ನಿಲ್ದಾಣದ ಉಕ್ಕು–ಗಾಜಿನ ಚಾವಣಿ. ಎದುರಿಗಿರುವ ಮಾಲ್‌ನ ಹೆಸರು ವಾಸ್ಕೋ ಡ ಗಾಮಾ. ಅದನ್ನು ದಾಟಿದರೆ ತೇಜೋ ನದಿ. ನದಿಯ ಮೇಲೆ, ಕೂಡುರಸ್ತೆಗಳೂ ಸೇರಿ ಹದಿನೇಳು ಕಿಲೋಮೀಟರು ಉದ್ದದ ಸೇತುವೆ, ಅದೂ ವಾಸ್ಕೋ ಡ ಗಾಮಾ. ದಡದಲ್ಲಿ 145 ಮೀಟರ್ ಎತ್ತರದ ಗೋಪುರ, ಅದೂ ವಾಸ್ಕೋ ಡ ಗಾಮಾ. ಪಶ್ಚಿಮ ಕರಾವಳಿಯಿಂದ ಹೋದ ಯಾರಿಗೇ ಆದರೂ ಒಂದು ಗಳಿಗೆ ಹೆಜ್ಜೆ ನಿಲ್ಲುತ್ತದೆ. ನಮ್ಮಲ್ಲಿ ಈ ಹೆಸರು ಶಾಲೆಯ ಪಾಠದ ಮೊದಲ ಸಾಲಿನಲ್ಲಿ ಬಂದು, ಮುಂದಿನ ನಾನೂರೈವತ್ತು ವರ್ಷಗಳ ಕಥೆಗೆ ಬಾಗಿಲು ತೆರೆದು ಹೋಗುತ್ತದೆ. ಇಲ್ಲಿ ಅದು ಬೀದಿಬೀದಿಯ ದಿನಬಳಕೆಯ ಹೆಸರು.

ಈ ಇಡೀ ಬಡಾವಣೆ ಹುಟ್ಟಿದ್ದು 1998ರ ವಿಶ್ವ ಪ್ರದರ್ಶನಕ್ಕಾಗಿ. ಅದಕ್ಕೂ ಮೊದಲು ಇಲ್ಲಿದ್ದದ್ದು ತೈಲ ಸಂಸ್ಕರಣಾಗಾರ, ಇಂಧನದ ಟ್ಯಾಂಕುಗಳು, ಕಸಾಯಿಖಾನೆ ಮತ್ತು ಕಸದ ರಾಶಿ. ಊರಿನವರು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಐದು ಕಿಲೋಮೀಟರು ನದೀದಡವನ್ನು ಬಗೆದು, ತೊಳೆದು, ಹೊಸದಾಗಿ ಕಟ್ಟಿದರು. ಹಳೆಯ ಸಂಸ್ಕರಣಾಗಾರದ ಒಂದು ಗೋಪುರವನ್ನು ಮಾತ್ರ ನೆನಪಿಗೆಂದು ಉಳಿಸಿಕೊಂಡಿದ್ದಾರೆ. ಮಧ್ಯದಲ್ಲಿರುವ ಒಲಿವಾಯ್ಸ್ ಹಡಗುಕಟ್ಟೆಗೆ ಇನ್ನೂ ಸೊಗಸಾದ ಇತಿಹಾಸವಿದೆ. ಅಟ್ಲಾಂಟಿಕ್ ದಾಟುತ್ತಿದ್ದ ನೀರಿನ ಮೇಲಿಳಿಯುವ ವಿಮಾನಗಳಿಗೆ ಒಂದು ಕಾಲದಲ್ಲಿ ಅದೇ ತಂಗುದಾಣವಾಗಿತ್ತು.

ಪ್ರದರ್ಶನ ಬಾಗಿಲು ತೆರೆದದ್ದು 1998ರ ಮೇ 22ರಂದು. ಗಾಮಾನ ಹಡಗುಗಳು ಕಲ್ಲಿಕೋಟೆಯ ತೀರ ಮುಟ್ಟಿದ್ದು 1498ರ ಮೇ 20ರಂದು. ಐನೂರು ವರ್ಷ ತುಂಬಿದ್ದಕ್ಕೆ ಸರಿಯಾಗಿಯೇ ದಿನ ಹೊಂದಿಸಿದ್ದರು. ಆದರೆ ಪ್ರದರ್ಶನಕ್ಕೆ ಕೊಟ್ಟ ಶೀರ್ಷಿಕೆಯಲ್ಲಿ ಗಾಮಾ ಇರಲಿಲ್ಲ. ಸಾಗರಗಳು, ಭವಿಷ್ಯಕ್ಕಾಗಿ ಒಂದು ಪರಂಪರೆ ಎಂಬುದು ಅದರ ಘೋಷವಾಕ್ಯ. ವಿಶ್ವಸಂಸ್ಥೆ ಆ ವರ್ಷವನ್ನೇ ಸಾಗರ ವರ್ಷವೆಂದು ಸಾರಿತ್ತು. ನೀರಿನ ಹನಿಯ ರೂಪದ ಲಾಂಛನಕ್ಕೆ ‘ಜಿಲ್’ ಎಂದು ಹೆಸರಿಟ್ಟರು. 1434ರಲ್ಲಿ ಬೊಜಡೋರ್ ಭೂಶಿರದ ಭಯ ಮೀರಿ ಮುಂದೆ ಹೋದ ಜಿಲ್ ಈಯನಿಶ್ ಎಂಬ ನಾವಿಕನ ಹೆಸರದು. 132 ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಜನ ಬಂದು ಹೋದರು. ಹೆಚ್ಚಿನವರು ಸರತಿಯಲ್ಲಿ ನಿಂತದ್ದು ಐವತ್ತು ಲಕ್ಷ ಲೀಟರು ನೀರಿನ ತೊಟ್ಟಿಯಿರುವ ಮತ್ಸ್ಯಾಗಾರದ ಮುಂದೆ. ಅದು ಇವತ್ತಿಗೂ ತುಂಬಿ ತುಳುಕುತ್ತದೆ. ಈ ಬರಹದ ಕುತೂಹಲ ಮಾತ್ರ ಅದರ ಹತ್ತಿರದಲ್ಲೇ ಇರುವ, ಅಷ್ಟೇನೂ ಜನ ಸೇರದ ಇನ್ನೊಂದು ಕಟ್ಟಡದ ಮೇಲೆ: ಪೋರ್ಚುಗಲ್ಲಿನ ಪೆವಿಲಿಯನ್.

ಆತಿಥೇಯ ದೇಶದ ಪೆವಿಲಿಯನ್ ಎಂದರೆ ನಿರೀಕ್ಷೆ ಏನು? ಹಾಯಿಯ ಆಕಾರದ ಗೋಪುರ, ಹಡಗಿನ ಮೂತಿಯಂಥ ಮುಂಭಾಗ, ಬಾಗಿಲಲ್ಲಿ ಒಬ್ಬ ಕಂಚಿನ ನಾವಿಕ. ಆಲ್ವರೋ ಸಿಜ಼ಾ ಇವಾವುದನ್ನೂ ಮಾಡಲಿಲ್ಲ. 1933ರಲ್ಲಿ ಪೋರ್ಟೊ ಪಕ್ಕದ ಮತೊಸಿನ್ಯೊಸ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದ ಈ ವಾಸ್ತುಶಿಲ್ಪಿಗೆ 1992ರಲ್ಲಿ ಪ್ರಿಟ್ಜ಼ಕರ್ ಪ್ರಶಸ್ತಿ ಬಂದಿತ್ತು. ಮೀನುದೋಣಿಗಳನ್ನು ನೋಡುತ್ತ ಬೆಳೆದವರಿಗೆ ಹಡಗಿನ ವೇಷ ಹಾಕಿದ ಕಟ್ಟಡ ಬೇಡವೆನಿಸಿದ್ದರೆ ಆಶ್ಚರ್ಯವಿಲ್ಲ. ಅವರು ಕಟ್ಟಿದ್ದು ತಗ್ಗಾದ, ಬಿಳಿಯ, ಮೌನಿ ಕಟ್ಟಡ ಮತ್ತು ಅದರ ಪಕ್ಕದಲ್ಲಿ ಒಂದು ದೊಡ್ಡ ಖಾಲಿ ಅಂಗಳ. ಅಂಗಳದ ಎರಡು ತುದಿಗೆ ದಪ್ಪ ಕಂಬಗೋಡೆಗಳ ಎರಡು ಸಾಲು. ಆ ಸಾಲುಗಳ ನಡುವೆ ಹಗ್ಗಕ್ಕೆ ಒಣಹಾಕಿದ ಪಂಚೆಯ ಹಾಗೆ ತೂಗುಬಿಟ್ಟ ಒಂದು ಚಪ್ಪರ. ಅದು ಬಟ್ಟೆಯದಲ್ಲ, ಕಾಂಕ್ರೀಟಿನದು. ಉದ್ದ ಸುಮಾರು 65 ಮೀಟರ್, ಅಗಲ 50 ಮೀಟರ್, ದಪ್ಪ ಬರೀ 20 ಸೆಂಟಿಮೀಟರ್. ನಡುವೆ ಒಂದೇ ಒಂದು ಕಂಬವಿಲ್ಲ.

ಇದರ ಲೆಕ್ಕಾಚಾರ ಮಾಡಿದವರು ಎಂಜಿನಿಯರ್ ಸೆಸಿಲ್ ಬಾಲ್ಮಂಡ್. ಶ್ರೀಲಂಕಾದಲ್ಲಿ ಹುಟ್ಟಿದವರು, ಆಗ ಅರುಪ್ ಸಂಸ್ಥೆಯಲ್ಲಿದ್ದರು. ಹಗುರ ಚಪ್ಪರವನ್ನೇ ಏಕೆ ಮಾಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ನದಿಯ ಕಡೆಯಿಂದ ಬೀಸುವ ಗಾಳಿಯಲ್ಲೇ ಇದೆ. ಹಗುರವಾದದ್ದು ಗಾಳಿಗೆ ಎದ್ದು ಬಡಿದಾಡುತ್ತದೆ. ಕಾಂಕ್ರೀಟಿನ ತೂಕವೇ ಅದನ್ನು ಕೆಳಗೆ ಹಿಡಿದಿಡುತ್ತದೆ. ಒಳಗಿರುವ ಉಕ್ಕಿನ ಕೇಬಲ್ಲುಗಳು ಆ ತೂಕವನ್ನು ಎರಡೂ ತುದಿಗೆ ಎಳೆದೊಯ್ಯುತ್ತವೆ. ಆ ಎಳೆತವನ್ನು ತಡೆದು ನಿಲ್ಲಲೆಂದೇ ತುದಿಯ ಗೋಡೆಗಳು ಅಷ್ಟು ದಪ್ಪ. ಕಣ್ಣಿಗೆ ಸಲೀಸಾಗಿ ಕಾಣುವ ತೂಗಾಟದ ಹಿಂದೆ ಎರಡು ಕಡೆಯ ಬಿಗಿ ಹಗ್ಗಜಗ್ಗಾಟವಿದೆ.

ಚಪ್ಪರದ ತುದಿಗೆ ಬಂದು ಕತ್ತೆತ್ತಿ ನೋಡಬೇಕು. ಕಾಂಕ್ರೀಟು ಗೋಡೆಯನ್ನು ಮುಟ್ಟುವುದೇ ಇಲ್ಲ. ಗೋಡೆಗೆ ಇನ್ನೂ ದೂರವಿರುವಾಗಲೇ ಅದು ನಿಂತುಬಿಡುತ್ತದೆ. ಅಲ್ಲಿಂದ ಗೋಡೆಯವರೆಗೆ ಬರೀ ಕೇಬಲ್ಲುಗಳು, ಸಾಲಾಗಿ, ಬೆತ್ತಲಾಗಿ. ಆ ಸಂದಿನಿಂದ ಬಿಸಿಲು ಇಳಿದು ಗೋಡೆಯ ಮೇಲೆ ಗೆರೆಗೆರೆಯ ನೆರಳು ಬರೆಯುತ್ತದೆ. ಹೊತ್ತು ಸರಿದಂತೆ ಗೆರೆಗಳೂ ಸರಿಯುತ್ತವೆ. ಹಡಗಿನ ಹಗ್ಗಗಳ ನೆನಪು ಬಂದೇ ಬರುತ್ತದೆ, ಆದರೆ ಕಟ್ಟಡ ಎಲ್ಲಿಯೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಚಪ್ಪರದ ಕೆಳಗಿನ ಅಂಗಳ 1998ರಲ್ಲಿ ದೇಶದೇಶಗಳ ಅತಿಥಿಗಳನ್ನು ಬರಮಾಡಿಕೊಳ್ಳುವ ಜಾಗವಾಗಿತ್ತು. ಅಲ್ಲಿ ನಿಂತವರಿಗೆ ಕಾಣುವುದು ಪೋರ್ಚುಗಲ್ಲಿನ ಯಾವ ವೀರನೂ ಅಲ್ಲ, ಚೌಕಟ್ಟು ಹಾಕಿಟ್ಟಂತಿರುವ ನೀರು.

ಇದರ ಬೆಲೆ ತಿಳಿಯಬೇಕಾದರೆ ನಗರದ ಇನ್ನೊಂದು ತುದಿಗೆ, ಬೆಲೆಂಗೆ ಹೋಗಬೇಕು. 1940ರಲ್ಲಿ ಸರ್ವಾಧಿಕಾರಿ ಸಲಜ಼ಾರ್ ಆಡಳಿತ ಅಲ್ಲೊಂದು ಭಾರೀ ಪ್ರದರ್ಶನ ನಡೆಸಿತು. ರಾಷ್ಟ್ರ ಹುಟ್ಟಿ 800 ವರ್ಷ, ಸ್ಪೇನಿನಿಂದ ಮರಳಿ ಸ್ವತಂತ್ರವಾಗಿ 300 ವರ್ಷ ಎಂಬುದು ನೆಪ. ಯುರೋಪು ಯುದ್ಧದಲ್ಲಿ ಬೇಯುತ್ತಿದ್ದಾಗ ಲಿಸ್ಬನ್ನಿನಲ್ಲಿ ಸಾಮ್ರಾಜ್ಯದ ಉತ್ಸವ. ಆಗ ತಾತ್ಕಾಲಿಕವಾಗಿ ಎಬ್ಬಿಸಿದ ಶೋಧನೆಗಳ ಸ್ಮಾರಕವನ್ನು 1960ರಲ್ಲಿ ಕಲ್ಲು–ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಹಡಗಿನ ಮೂತಿಯ ತುದಿಯಲ್ಲಿ ರಾಜಕುಮಾರ ಹೆನ್ರಿ, ಅವನ ಹಿಂದೆ ಎರಡು ಸಾಲಿನಲ್ಲಿ ನಾವಿಕರು, ಪಾದ್ರಿಗಳು, ಕವಿಗಳು. ಎಲ್ಲರ ಮುಖವೂ ಮೇಲಕ್ಕೆ. ದಾರಿ ತೋರಿದವರು, ಸರಕು ಬೆಳೆದವರು, ಎದುರಾಳಿಗಳು ಯಾರೊಬ್ಬರಿಗೂ ಅಲ್ಲಿ ಜಾಗವಿಲ್ಲ. ಮಾಲಿಂದಿಯಿಂದ ಅರಬ್ಬೀ ಸಮುದ್ರ ದಾಟಿಸಿ ಗಾಮಾನನ್ನು ಮಲಬಾರಿಗೆ ಕರೆತಂದ ಆ ಸ್ಥಳೀಯ ನಾವಿಕನಿಲ್ಲದೆ ಇದ್ದರೆ ಆ ಸಾಲಿನ ಅರ್ಧದಷ್ಟು ಜನಕ್ಕೆ ಕೆಲಸವೇ ಇರುತ್ತಿರಲಿಲ್ಲ. 1940ರ ಅದೇ ಉತ್ಸವಕ್ಕೆಂದು ಹಳೆಯ ಮಾದರಿಯಲ್ಲಿ ‘ನೌ ಪೋರ್ಚುಗಲ್’ ಎಂಬ ಹಡಗನ್ನೂ ಕಟ್ಟಿದ್ದರು. ಅವೇರೊ ಬಳಿ ನೀರಿಗಿಳಿಸಿದ ಕೂಡಲೇ ಅದು ಮಗ್ಗುಲಿಗೆ ಮಗುಚಿತು. ಎತ್ತಿ ನಿಲ್ಲಿಸಿ ಲಿಸ್ಬನ್ನಿಗೆ ತರಬೇಕಾಯಿತು.

ಐವತ್ತೆಂಟು ವರ್ಷಗಳ ನಂತರ, ಪ್ರಜಾಪ್ರಭುತ್ವಕ್ಕೆ ಹೊರಳಿದ ಪೋರ್ಚುಗಲ್ ತನ್ನ ಪೆವಿಲಿಯನ್ನಿನ ಒಳಗೆ ಇಡಲು ಆರಿಸಿಕೊಂಡದ್ದು ಗೆದ್ದ ಹಡಗನ್ನಲ್ಲ, ಒಡೆದು ಮುಳುಗಿದ ಹಡಗನ್ನು. ಈ ಆಯ್ಕೆಯೇ ಆ ಪೆವಿಲಿಯನ್ನಿನ ಅತಿ ದೊಡ್ಡ ಸಾಧನೆ.

ಹಡಗಿನ ಹೆಸರು ನೊಸ್ಸ ಸೆನ್ಯೋರ ದೊಸ್ ಮಾರ್ತಿರೆಸ್. 1606ರ ಜನವರಿಯಲ್ಲಿ ಕೊಚ್ಚಿಯಿಂದ ಹೊರಟಿತು. ನಾಯಕ ಮನುವೆಲ್ ಬರೆತೊ ರೊಲಿಂ. ಭಾರತದ ಮಾರ್ಗದ ಹಡಗುಗಳು ಮಳೆಗಾಳಿಯ ಅಡಿಯಾಳುಗಳು. ಮಾರ್ಚ್–ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟು, ಆಫ್ರಿಕದ ತುದಿ ಸುತ್ತಿ, ಮುಂಗಾರಿನ ಗಾಳಿ ಹಿಡಿದು ಸೆಪ್ಟೆಂಬರ್ ಹೊತ್ತಿಗೆ ಗೋವೆಗೆ ಬರಬೇಕು. ಸರಕು ತುಂಬಿಕೊಂಡು ಡಿಸೆಂಬರ್–ಜನವರಿಯಲ್ಲಿ ಹಿಂಗಾಳಿಯ ಜೊತೆ ಮರಳಬೇಕು. ತಡವಾದರೆ ಒಂದು ಇಡೀ ವರ್ಷ ಹೋಯಿತು. ಹೊಟ್ಟೆಯೊಳಗಿನ ಹಲಗೆಗೂಡುಗಳಲ್ಲಿ ಮೆಣಸನ್ನು ಸಡಿಲವಾಗಿಯೇ ಸುರಿದು ಮುಚ್ಚುತ್ತಿದ್ದರು. ಅದು ಅರಸನ ಸರಕು. ಅದರ ಮೇಲೆ, ಸಂದಿಗೊಂದಿಯಲ್ಲಿ, ನಾವಿಕರ ಮತ್ತು ವರ್ತಕರ ಸ್ವಂತ ಗಂಟುಗಳು: ಚೀನಾದ ಪಿಂಗಾಣಿ, ಬಟ್ಟೆ, ಪೆಟ್ಟಿಗೆಗಳು.

ಎಂಟು ತಿಂಗಳ ಪಯಣ ಮುಗಿಸಿ ಸೆಪ್ಟೆಂಬರಿನಲ್ಲಿ ಹಡಗು ಮನೆಯ ಬಾಗಿಲಿಗೇ ಬಂದಿತ್ತು. ತೇಜೋ ನದಿಯ ಅಳಿವೆಯಲ್ಲಿ, ಸಾವ್ ಜುಲಿಯಾವ್ ಕೋಟೆಯ ಕೆಳಗೆ, ಬಿರುಗಾಳಿಯಲ್ಲಿ ದಾರಿ ತಪ್ಪಿ ಬಂಡೆಗೆ ಬಡಿದು ಚೂರಾಯಿತು. ಊರಿನ ದೀಪಗಳು ಕಾಣುವಷ್ಟು ಹತ್ತಿರದಲ್ಲಿ ಜನ ಸತ್ತರು. ಗೂಡುಗಳು ಒಡೆದು ಮೆಣಸು ಮೇಲೆದ್ದಿತು. ನೀರಿನ ಮೇಲೆ ಕಪ್ಪು ಪದರವಾಗಿ ತೇಲುತ್ತ ದಡಕ್ಕೆ ಬಂದ ಕಾಳನ್ನು ಸುತ್ತಲ ಊರಿನವರು ಬಾಚಿಕೊಂಡರು. ಅರಸನ ಅಧಿಕಾರಿಗಳು ಓಡಿ ಬಂದು ಸಿಕ್ಕಿದ್ದನ್ನು ಒಣಗಿಸಿ ಉಳಿಸಿಕೊಳ್ಳಲು ನೋಡಿದರು. ಸತ್ತವರು ಒಂದು ಕಡೆ, ಮೆಣಸು ಒಂದು ಕಡೆ, ಎರಡೂ ಒಂದೇ ಅಲೆಯಲ್ಲಿ ತೀರಕ್ಕೆ ಬಂದ ಆ ದಿನವನ್ನು ಮರೆಮಾಚದೆ ಹೇಳಿದ ಪ್ರದರ್ಶನವನ್ನು ಮೆಚ್ಚಲೇಬೇಕು.

1996–97ರಲ್ಲಿ, ಪೆವಿಲಿಯನ್ನಿಗೆ ಬೇಕೆಂದೇ, ಫ್ರಾನ್ಸಿಸ್ಕೊ ಆಲ್ವೆಸ್ ಮತ್ತು ಫಿಲಿಪ್ ಕಾಸ್ತ್ರೊ ನೇತೃತ್ವದಲ್ಲಿ ಮುಳುಗುಗಾರರು ಆ ಜಾಗವನ್ನು ಶೋಧಿಸಿದರು. ಉಳಿದಿದ್ದದ್ದು ತಳಭಾಗದ ಒಂದು ಸಣ್ಣ ತುಂಡು. ಅಡಿಮರ ಮತ್ತು ಬಾಗುಮರಗಳು ಬಿರಡೆ ಓಕಿನವು, ಹೊದಿಕೆಯ ಹಲಗೆ ಪೈನ್ ಮರದ್ದು. ಬಾಗುಮರಗಳ ಮೇಲೆ ಬಡಗಿಗಳು ಉಳಿಯಿಂದ ಕೊರೆದ ರೋಮನ್ ಅಂಕಿಗಳಿದ್ದವು, ಯಾವ ಮರ ಯಾವ ಜಾಗಕ್ಕೆ ಎಂಬ ಗುರುತು. ನಕ್ಷೆ ಕಾಗದದ ಮೇಲಲ್ಲ, ಮರದ ಮೈಮೇಲೇ ಇತ್ತು. ಆ ಅಂಕಿಗಳನ್ನು ಹಿಡಿದು ಇಡೀ ಹಡಗಿನ ಅಳತೆಯನ್ನು ಕಾಸ್ತ್ರೊ ಮುಂದೆ ಲೆಕ್ಕ ಹಾಕಿದರು. ಅವರ ಪುಸ್ತಕದ ಹೆಸರೇ ‘ದ ಪೆಪ್ಪರ್ ರೆಕ್’. ಸೂರ್ಯನ ಎತ್ತರ ಅಳೆಯುವ ಹಿತ್ತಾಳೆಯ ಅಸ್ಟ್ರೋಲೇಬ್‌ಗಳು, ಪಿಂಗಾಣಿ ತಟ್ಟೆಗಳು, ಜಾಡಿಗಳು ಸಿಕ್ಕವು. ಮರಗಳ ಮೇಲೆ, ಮರಗಳ ನಡುವೆ, ಎಲ್ಲೆಲ್ಲೂ ಸಿಕ್ಕದ್ದು ಮೆಣಸು. ಸುಮಾರು ನಾನೂರು ವರ್ಷ ಉಪ್ಪುನೀರಿನ ಕೆಳಗಿದ್ದರೂ ಕಾಳು ಕಾಳಾಗಿಯೇ ಉಳಿದಿತ್ತು, ಸುಕ್ಕು ಕೂಡ ಹಾಗೆಯೇ.

ಈ ಕಾಳಿನ ತವರು ಎಲ್ಲಿ? ಕೊಚ್ಚಿಯಲ್ಲಿ ತುಂಬಿದ್ದು ಬಹುಪಾಲು ಮಲಬಾರಿನ ಒಳನಾಡಿನದು. ಆದರೆ ಮೆಣಸಿನ ಈ ವ್ಯಾಪಾರದಲ್ಲಿ ನಮ್ಮ ಕೆನರಾ ತೀರದ ಪಾಲು ಸಣ್ಣದಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಘಟ್ಟದ ಮೆಣಸು ಶರಾವತಿಯ ದಾರಿಯಲ್ಲಿ ಹೊನ್ನಾವರಕ್ಕೂ, ಇತ್ತ ಭಟ್ಕಳಕ್ಕೂ ಇಳಿಯುತ್ತಿತ್ತು. 1568–69ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸ್ರೂರುಗಳಲ್ಲಿ ಕೋಟೆ ಕಟ್ಟಿದ್ದು ಸುಮ್ಮನಲ್ಲ. ಮೆಣಸು ಲಿಸ್ಬನ್ನಿಗೆ ಬೇಕಿತ್ತು, ಬಸ್ರೂರಿನ ಅಕ್ಕಿ ಗೋವೆಯ ಊಟಕ್ಕೆ ಬೇಕಿತ್ತು. ಗೇರುಸೊಪ್ಪೆ ಕೆಳದಿಯ ವೆಂಕಟಪ್ಪ ನಾಯಕನ ವಶವಾದ ಮೇಲೆ ಮೆಣಸಿನ ಮಾತುಕತೆಗೆ ಗೋವೆಯವರು ಇಕ್ಕೇರಿಗೇ ಹೋಗಬೇಕಾಯಿತು. 1623ರಲ್ಲಿ ಹಾಗೆ ಹೋದ ರಾಯಭಾರದ ಜೊತೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯೂ ಇದ್ದ. ಇಕ್ಕೇರಿಯ ಬಗ್ಗೆ ನಮಗೆ ಇವತ್ತು ಗೊತ್ತಿರುವ ಎಷ್ಟೋ ವಿವರ ಅವನ ಪತ್ರಗಳಿಂದ ಬಂದದ್ದು. ಹೀಗೆ ನೋಡಿದರೆ ಲಿಸ್ಬನ್ನಿನ ಕಡಲ ಇತಿಹಾಸದ ಅರ್ಧ ಲೆಕ್ಕಪುಸ್ತಕ ನಮ್ಮ ಘಟ್ಟದ ತೋಟಗಳಲ್ಲೂ ಮಾರುಕಟ್ಟೆಗಳಲ್ಲೂ ಬರೆದದ್ದು.

ಗಾಮಾನಿಗೂ ನಮ್ಮ ಕರಾವಳಿಗೂ ನೇರ ಗುರುತಿದೆ. ಹಿಂದಿರುಗುವಾಗ, 1498ರ ಸೆಪ್ಟೆಂಬರಿನಲ್ಲಿ, ಅವನು ನಡುವೆ ಒಂದು ನಡುಗಡ್ಡೆಯಲ್ಲಿ ಸಾಂತ ಮಾರಿಯ ಹೆಸರಿನ ಕಲ್ಲುಕಂಬ ನೆಟ್ಟ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಹೆಸರು ಅದರದೇ ಎನ್ನುತ್ತಾರೆ. ಅಲ್ಲಿಂದ ಕಾರವಾರದ ಹತ್ತಿರದ ಅಂಜುದೀವಕ್ಕೆ ಹೋಗಿ ಹಡಗುಗಳ ತಳ ಕೆರೆದು ದುರಸ್ತಿ ಮಾಡಿಸಿಕೊಂಡ, ಕುಡಿಯುವ ನೀರು ತುಂಬಿಸಿಕೊಂಡ. ನಾಲ್ಕೇ ವರ್ಷಕ್ಕೆ ಮತ್ತೆ ಬಂದಾಗ ಅವನು ಬೇರೆಯೇ ಮನುಷ್ಯ. ಹೊನ್ನಾವರ, ಭಟ್ಕಳಗಳಲ್ಲಿ ದಾಳಿ ನಡೆಯಿತು. ಭಟ್ಕಳದವರು ಅಕ್ಕಿಯ ಕಪ್ಪ ಒಪ್ಪಿಕೊಳ್ಳಬೇಕಾಯಿತು. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು, ಹೆಂಗಸರು ಮಕ್ಕಳೆನ್ನದೆ ನೂರಾರು ಜನರ ಸಮೇತ, ಅವನು ಸುಡಿಸಿದ. ಅದಕ್ಕೆ ಸಾಕ್ಷಿ ಪೋರ್ಚುಗೀಸರ ಬರಹಗಳಲ್ಲೇ ಇದೆ. 1998ರಲ್ಲಿ ಲಿಸ್ಬನ್ನಿನಲ್ಲಿ ದೀಪಾಲಂಕಾರ ನಡೆದಾಗ ಕೇರಳದಲ್ಲೂ ಗೋವೆಯಲ್ಲೂ ಪ್ರತಿಭಟನೆ ನಡೆದದ್ದು ಸಹಜವಾಗಿತ್ತು, ನ್ಯಾಯವೂ ಆಗಿತ್ತು. ಅದಕ್ಕೂ ಒಂದು ವರ್ಷ ಮೊದಲು ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ ಅವರು ಗಾಮಾನ ಬದುಕನ್ನೂ ಅವನ ಸುತ್ತ ಕಟ್ಟಿದ ದಂತಕಥೆಯನ್ನೂ ಬೇರ್ಪಡಿಸಿ ತೋರಿಸಿದ ಪುಸ್ತಕ ಹೊರಬಂದಿತ್ತು. ಅದನ್ನು ಓದಿ ಲಿಸ್ಬನ್ನಿಗೆ ಹೋದವರಿಗೆ ಸೇತುವೆಯ ಹೆಸರೂ ಗೋಪುರದ ಹೆಸರೂ ಬೇರೆ ರೀತಿಯಲ್ಲಿ ಕೇಳಿಸುತ್ತವೆ.

ಮುಳುಗಿದ ಹಡಗಿನ ಜೊತೆಗೆ ಪ್ರದರ್ಶನದಲ್ಲಿ ತೇಲುವ ಹಡಗೊಂದೂ ಇತ್ತು, ಮತ್ತು ಅದು ಭಾರತದಲ್ಲಿ ಹುಟ್ಟಿದ್ದು. ಡೊಂ ಫೆರ್ನಾಂಡೊ ಎರಡನೆಯವನ ಹೆಸರಿನ, ‘ಫೆರ್ನಾಂಡೊ ಸೆಗುಂಡೊ ಇ ಗ್ಲೋರಿಯ’ ಎಂಬ ಐವತ್ತು ಫಿರಂಗಿಯ ಹಾಯಿ ಯುದ್ಧನೌಕೆ. ದಮನ್ನಿನ ಹಡಗುಕಟ್ಟೆಯಲ್ಲಿ, ನಗರ ಹವೇಲಿಯ ಕಾಡಿನ ಸಾಗುವಾನಿಯಿಂದ ಕಟ್ಟಿ 1843ರಲ್ಲಿ ನೀರಿಗಿಳಿಸಿದರು. ಗೋವೆಗೆ ಎಳೆದುತಂದು ಕಂಬ–ಹಾಯಿ ಹೂಡಿದರು. ಪೋರ್ಚುಗಲ್ಲಿನ ಭಾರತಮಾರ್ಗದ ಕೊನೆಯ ಹಾಯಿ ಯುದ್ಧನೌಕೆ ಇದೇ. ಮೂವತ್ತಮೂರು ವರ್ಷ ಕಡಲಲ್ಲಿ ದುಡಿದು, ಫಿರಂಗಿ ತರಬೇತಿಶಾಲೆಯಾಗಿ, ಆಮೇಲೆ ಬಡ ಹುಡುಗರ ವಸತಿಶಾಲೆಯಾಗಿ ತೇಜೋದಲ್ಲಿ ನಿಂತಿತ್ತು. 1963ರಲ್ಲಿ ಬೆಂಕಿ ಬಿತ್ತು. ಸುಟ್ಟ ಒಡಲು ಮೂವತ್ತು ವರ್ಷದ ಹತ್ತಿರ ನದಿಯ ಕೆಸರಿನಲ್ಲಿ ಬಿದ್ದಿತ್ತು. 1992ರಲ್ಲಿ ಎತ್ತಿ, ಅವೇರೊದಲ್ಲೂ ನೌಕಾಪಡೆಯ ಅಲ್ಫೇಯ್ಟ್ ಕಾರ್ಖಾನೆಯಲ್ಲೂ ದುರಸ್ತಿ ಮಾಡಿ, 1998ರ ಏಪ್ರಿಲ್‌ನಲ್ಲಿ ಮರಳಿ ನಿಲ್ಲಿಸಿದರು. ಮರ ಬೇರೆಯದಾಗಿದ್ದರೆ ಎತ್ತಲು ಏನು ಉಳಿಯುತ್ತಿತ್ತೋ! ಸಾಗುವಾನಿಯ ಎಣ್ಣೆಯಂಶ ನೀರನ್ನೂ ಹುಳುವನ್ನೂ ತಡೆಯುತ್ತದೆ. ಪಶ್ಚಿಮ ತೀರದ ಬಡಗಿಗಳಿಗೆ ಅದು ಎಂದಿನಿಂದಲೂ ಗೊತ್ತಿತ್ತು.

ಹಡಗು ಈಗ ನದಿಯ ಆಚೆ ದಡದ ಕಸಿಲ್ಯಾಸ್‌ನಲ್ಲಿ, ನೀರಿಲ್ಲದ ಹಳೆಯ ಹಡಗುಕಟ್ಟೆಯಲ್ಲಿ ನಿಂತಿದೆ. ಲಿಸ್ಬನ್ನಿನಿಂದ ಫೆರಿ ಹಿಡಿದರೆ ಹತ್ತೇ ನಿಮಿಷದ ದಾರಿ. ಪೆವಿಲಿಯನ್ನಿನ ಭಾಗ್ಯ ಮಾತ್ರ ಇಷ್ಟು ಚೆನ್ನಾಗಿರಲಿಲ್ಲ. ಪ್ರದರ್ಶನ ಮುಗಿದ ಮೇಲೆ ಅದನ್ನು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ವರ್ಷಗಟ್ಟಲೆ ಒಳಗಿನ ಕೋಣೆಗಳು ಬಹುಪಾಲು ಖಾಲಿ ಬಿದ್ದಿದ್ದವು. 2010ರಲ್ಲಿ ರಕ್ಷಿತ ಸ್ಮಾರಕವೆಂದು ಘೋಷಣೆ, 2015ರಲ್ಲಿ ಲಿಸ್ಬನ್ ವಿಶ್ವವಿದ್ಯಾಲಯಕ್ಕೆ ಹಸ್ತಾಂತರ. ಆದರೆ ಚಪ್ಪರ ಒಂದು ದಿನವೂ ನಿರುಪಯೋಗಿಯಾಗಲಿಲ್ಲ. ಅದರ ಕೆಳಗೆ ಮಕ್ಕಳು ಸ್ಕೇಟಿಂಗ್ ಮಾಡುತ್ತಾರೆ, ಮಳೆ ಬಂದರೆ ದಾರಿಹೋಕರು ನಿಲ್ಲುತ್ತಾರೆ, ಸಂತೆ–ಸಮಾರಂಭಗಳು ನಡೆಯುತ್ತವೆ.

ಇದನ್ನೆಲ್ಲ ನೋಡಿ ಬಂದ ಕನ್ನಡಿಗರು ಗುಜರಾತಿನ ಲೋಥಲ್ ಕಡೆ ನೋಡುವುದು ಸಹಜ. ಕೇಂದ್ರ ಸರಕಾರ ಅಲ್ಲಿ ರಾಷ್ಟ್ರೀಯ ಕಡಲ ಪರಂಪರೆಯ ಸಂಕೀರ್ಣ ಕಟ್ಟಿಸುತ್ತಿದೆ. ಕರಾವಳಿ ರಾಜ್ಯಗಳಿಗೆ ಪ್ರತ್ಯೇಕ ಪೆವಿಲಿಯನ್ನುಗಳೂ ಯೋಜನೆಯಲ್ಲಿವೆ. ಕರ್ನಾಟಕದ್ದರಲ್ಲಿ ಏನಿರಬೇಕು? ಉಳ್ಳಾಲದ ರಾಣಿ ಅಬ್ಬಕ್ಕ ಇರಲೇಬೇಕು, ಮಿರ್ಜಾನ್ ಕೋಟೆ ಇರಲೇಬೇಕು. 1650ರ ದಶಕದಲ್ಲಿ ಪೋರ್ಚುಗೀಸರನ್ನು ಕೆನರಾದ ಕೋಟೆಗಳಿಂದ ಹೊರಗಟ್ಟಿದ ಶಿವಪ್ಪ ನಾಯಕನೂ ಬೇಕು. ಇವರನ್ನು ಆರಿಸುವುದು ಕಷ್ಟವಲ್ಲ. ಕಷ್ಟ ಬರುವುದು ಹೊನ್ನಾವರದ ಆ ಇನ್ನೊಬ್ಬ ನಾಯಕನ ವಿಷಯದಲ್ಲಿ, ಪೋರ್ಚುಗೀಸರು ತಿಮೋಜ ಎಂದು ಬರೆದುಕೊಂಡವನ ವಿಷಯದಲ್ಲಿ. ಸ್ವಂತ ಹಡಗುಪಡೆ ಕಟ್ಟಿಕೊಂಡು ಸಮುದ್ರವನ್ನು ಅಂಗೈಯಂತೆ ಬಲ್ಲವನಾಗಿದ್ದ ಅವನೇ 1510ರಲ್ಲಿ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕನಿಗೆ ಗೋವೆಯ ಮೇಲೆ ಬೀಳಲು ಹೇಳಿದವನು, ದೋಣಿ ಜನ ಕೊಟ್ಟು ನೆರವಾದವನು. ಕರ್ನಾಟಕದ ಪೆವಿಲಿಯನ್ ಕಟ್ಟುವವರು ಅವನ ಹಡಗುಗಳನ್ನೂ, ಅವು ಗೋವೆಯ ಕಡೆ ಮುಖ ಮಾಡಿದ ಆ ವರ್ಷವನ್ನೂ, ಭಟ್ಕಳದಿಂದ ಹೋದ ಕಪ್ಪದ ಅಕ್ಕಿಯನ್ನೂ ಒಂದೇ ಕೋಣೆಯಲ್ಲಿ ಇಡಬೇಕು.